ಅಳಿಯನ ಅಭ್ಯಂಜನವೂ ಅಣುಸ್ಥಾವರದ ಸಿದ್ಧಾಂತವೂ

ಬಿಸಿಯಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣನೆಯ ನೀರು ಭಾರವಾಗಿ ಕೆಳಗಿಳಿಯುತ್ತದೆ. ಈ ಸತ್ಯವನ್ನು ಮಧುಗಿರಿಯ ಮಕ್ಕಳಿಗೆ ಪುಸ್ತಕ ಮುಟ್ಟದೆ ಬೋಧಿಸಿ ನಿವೃತ್ತನಾದ ವಿಜ್ಞಾನದ ಮೇಷ್ಟ್ರು ನಾನು. ನನ್ನ ಬಾಯಿಂದ ಇದನ್ನು ಕೇಳಿದವರು ಎಷ್ಟೋ ಜನ ಪಾಸಾಗಿದ್ದಾರೆ. ಅವರಲ್ಲಿ ಯಾರೂ ನೀರನ್ನು ಕಾಯಿಸಿ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ಪ್ರಯೋಗಶಾಲೆಯ ಬೀಗದ ಕೈ ಯಾವಾಗಲೂ ಹೆಡ್‌ಮಾಸ್ಟರ ಜೇಬಿನಲ್ಲಿರುತ್ತಿತ್ತು.

ಇಂಥ ನನ್ನ ಕೈಯಲ್ಲಿ ಒಂದು ಹಂಡೆ ನೀರು ಕಾಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಇದಕ್ಕೆಲ್ಲ ಮೂಲ ನನ್ನ ಮಗಳು ಮಂಜುಳಾ. ಆಕೆ ಸಮುದ್ರದ ದಂಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಏನು ಕೆಲಸ ಎಂದು ಬೀದಿಯವರು ಕೇಳಿದರೆ ನಾನು ಗಂಟಲು ಸರಿಮಾಡಿಕೊಂಡು "ಅಣುಶಕ್ತಿ" ಎನ್ನುತ್ತಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ನನಗೂ ಗೊತ್ತಿರಲಿಲ್ಲ. ಮದುವೆಯಾದ ವರ್ಷ ಗೌರಿಹಬ್ಬಕ್ಕೆ ಬಂದಾಗ, ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ಆಕೆಯೇ ಬಿಡಿಸಿ ಹೇಳಿದಳು.

"ಅಣುಸ್ಥಾವರ ಅಂದ್ರೆ ಒಂದು ದೊಡ್ಡ ನೀರೊಲೆ ಅಂತ ಇಟ್ಕೊಳಪ್ಪ. ಆದ್ರೆ ಇದರ ಬೆಂಕಿ ಆರಿಸಿದ್ರೂ ಕೆಂಡ ತುಂಬಾ ಹೊತ್ತು ಆರಲ್ಲ. ಅಷ್ಟು ಹೊತ್ತೂ ಅದರ ಸುತ್ತ ನೀರು ಓಡ್ತಾನೇ ಇರ್ಬೇಕು."

"ಪಂಪು ಇರ್ತದಲ್ಲ?"

"ಕರೆಂಟ್ ಹೋಗಿ ಪಂಪು ನಿಂತ್ರೆ?"

ಕರೆಂಟ್ ಹೋಗುವ ವಿಷಯದಲ್ಲಿ ನಮ್ಮ ತಾಲ್ಲೂಕಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ತಲೆಯಾಡಿಸಿದೆ.

"ಆಗಲೂ ಬಿಸಿನೀರು ತಾನಾಗೇ ಮೇಲಕ್ಕೆ ಹೋಗಿ, ಅಲ್ಲಿ ತಣ್ಣಗಾಗಿ, ತಾನಾಗೇ ಕೆಳಕ್ಕೆ ಬರುತ್ತೆ. ಯಾರೂ ಗುಂಡಿ ಒತ್ತೋದು ಬೇಡ. ಹಂಗಂತ ನಮ್ಮ ಸಾಫ್ಟ್‌ವೇರ್ ಹೇಳುತ್ತೆ."

"ಹೇಳಿದ ಮೇಲೆ ಮುಗೀತಲ್ಲ!"

"ಅದು ಹೇಳಿದ್ದು ನಿಜಾನಾ ಅಂತ ನೋಡೋದೇ ನನ್ನ ಕೆಲಸ."

"ಅಂದ್ರೆ ಕಂಪ್ಯೂಟರ್ ಬರೆದ ಉತ್ತರಪತ್ರಿಕೆ ತಿದ್ದೋ ಕೆಲಸ ಅನ್ನು."

"ಹೂಂ. ಆದ್ರೆ ಸರಿಯುತ್ತರ ಯಾರ ಹತ್ರಾನೂ ಇಲ್ಲಪ್ಪ. ಅದನ್ನ ನೀರೇ ಹೇಳ್ಬೇಕು."

ನನ್ನ ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು. ಆಕೆ ಹೇಳುತ್ತಾ ಹೋದಳು. ನೀರಿನಿಂದ ಸರಿಯುತ್ತರ ಪಡೆಯಲು ಅವರು ಮನೆಯ ಮೇಲೆ ಮನೆ ಪೇರಿಸಿದಷ್ಟು ಎತ್ತರದ ಒಂದು ಯಂತ್ರ ಕಟ್ಟಿದ್ದಾರಂತೆ. ಅಗಲದಲ್ಲಿ ಅದು ಸ್ಥಾವರಕ್ಕಿಂತ ಬಹಳ ಸಣ್ಣದು, ಎತ್ತರದಲ್ಲಿ ಮಾತ್ರ ಸ್ಥಾವರದಷ್ಟೇ. ಅಗಲ ಕಡಿಮೆ ಮಾಡಬಹುದು, ಭೂಮಿ ನೀರನ್ನು ಎಳೆಯುವುದನ್ನು ಕಡಿಮೆ ಮಾಡಲಾಗುವುದಿಲ್ಲವಲ್ಲ! ಯುರೇನಿಯಮ್ಮಿನ ಜಾಗದಲ್ಲಿ ಕರೆಂಟಿನಿಂದ ಕಾಯುವ ಕಡ್ಡಿಗಳು. ಮೈತುಂಬಾ ಉಷ್ಣಮಾಪಕದ ತಂತಿಗಳು. ಇಷ್ಟೆಲ್ಲ ಕಟ್ಟಿ, ಬೇಕೆಂತಲೇ ಪಂಪು ನಿಲ್ಲಿಸುತ್ತಾರೆ. ಬೇಕೆಂತಲೇ ಪೈಪು ತೆರೆದು ನೀರು ಸೋರಿಸುತ್ತಾರೆ. ಅದಕ್ಕೂ ಮೊದಲೇ ಸಾಫ್ಟ್‌ವೇರಿನವರು, ಏನಾಗುತ್ತದೆ ಎಂಬ ತಮ್ಮ ಉತ್ತರವನ್ನು ಕೊಟ್ಟುಬಿಡಬೇಕು. ಆಮೇಲೆ ಒಂದಕ್ಷರ ತಿದ್ದುವ ಹಾಗಿಲ್ಲ.

ಒಂದು ಅನುಮಾನಕ್ಕೋಸ್ಕರ ಇಷ್ಟು ಎತ್ತರದ ಗೋಪುರ! ತಾವೇ ಬರೆದ ಉತ್ತರವನ್ನು ತಾವೇ ನಂಬದ ಜನ! ಉತ್ತರ ಬರೆದ ಕೂಡಲೇ ಪೆನ್ನಿನ ಮುಚ್ಚಳ ಹಾಕುವ ಹುಡುಗರನ್ನೇ ಜೀವಮಾನವಿಡೀ ನೋಡಿದ್ದ ನನಗೆ ರೋಮಾಂಚನವಾಯಿತು. ಆ ಸಂಜೆ ನಮ್ಮ ಬೆಟ್ಟದ ಬಂಡೆಯ ಕಡೆ ನೋಡಿದೆ. ಅದು ಕೂಡ ಯಾವುದೋ ಅನುಮಾನ ಪರಿಹಾರಕ್ಕೆ ನಿಲ್ಲಿಸಿದ ಯಂತ್ರದ ಹಾಗೆ ಕಂಡಿತು.

ರೋಮಾಂಚನ ಅಲ್ಲಿಗೇ ನಿಂತಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ನನ್ನ ಹೆಂಡತಿ ಜಯಮ್ಮನಿಗೆ ಹೊಗೆ ಆಗುವುದಿಲ್ಲ. ಬಚ್ಚಲುಮನೆಯ ಒಲೆಗೆ ಸೌದೆ ಇಟ್ಟಳೆಂದರೆ ಕೆಮ್ಮು ಶುರುವಾಗಿ ಮಧ್ಯಾಹ್ನದ ಊಟದವರೆಗೆ ನಿಲ್ಲುವುದಿಲ್ಲ. ಸೋಲಾರ್ ಹಾಕಿಸಿದ್ದೆವು, ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಅದರ ಪೈಪುಗಳು ಕಣ್ಣು ಮುಚ್ಚಿದವು. ಕರೆಂಟಿನ ಗೀಸರ್ ಇದೆ, ಕರೆಂಟ್ ಇದ್ದಾಗ ಇದೆ. ಅಲ್ಲದೆ ಈ ಸಲ ದೀಪಾವಳಿಗೆ ಅಳಿಯತನ. ಹೊಸ ಅಳಿಯ ರವೀಂದ್ರ, ಅವನ ತಂದೆ ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯ ನರಸಿಂಹಪ್ಪನವರು, ಇಬ್ಬರೂ ಬರುವವರು. ನರಕ ಚತುರ್ದಶಿಯ ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ಅಳಿಯನಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಎರೆಯಬೇಕು. ಗೀಸರಿನ ನೀರು ಎರೆದರೆ ಜಯಮ್ಮನ ತವರಿನವರು ಮಾತಾಡುವುದಿಲ್ಲ. ಅಂದರೆ, ಅದನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ.

ನನ್ನ ತಲೆಯಲ್ಲಿ ಯೋಜನೆ ಸಿದ್ಧವಾಯಿತು. ಒಲೆಯನ್ನು ಹಿತ್ತಲಿಗೆ ಸಾಗಿಸುವುದು. ಹಂಡೆ ಬಚ್ಚಲಲ್ಲೇ ಇರುವುದು. ಹಂಡೆಯ ತಳದಿಂದ ಒಂದು ಪೈಪು ಗೋಡೆ ದಾಟಿ, ತಗ್ಗಿನಲ್ಲಿರುವ ಹಿತ್ತಲಿನ ಒಲೆಯೊಳಗೆ ಸುರುಳಿ ಸುತ್ತಿಕೊಂಡು, ಮತ್ತೆ ಮೇಲೇರಿ ಹಂಡೆಯ ಭುಜಕ್ಕೆ ಸೇರುವುದು. ಬಿಸಿನೀರು ಮೇಲಿನ ಪೈಪಿನಿಂದ ಒಳಗೆ, ತಣ್ಣೀರು ಕೆಳಗಿನ ಪೈಪಿನಿಂದ ಹೊರಗೆ. ಪಂಪಿಲ್ಲ, ಕರೆಂಟಿಲ್ಲ, ಬಚ್ಚಲಲ್ಲಿ ಹೊಗೆಯಿಲ್ಲ!

"ಹಂಡೆಗೆ ತೂತು ಹೊಡೀಬೇಕಾ?" ಎಂದಳು ಜಯಮ್ಮ. ಅದು ಅವಳ ತವರಿನ ತಾಮ್ರದ ಹಂಡೆ.

"ಎರಡೇ."

ಅವಳು ಹಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೊಗೆ ಬರಾಕಿಲ್ಲ ತಾನೆ?"

"ಅಣುವಿಜ್ಞಾನ ಕಣೇ ಇದು!"

"ಹಂಗಾದ್ರೆ ಹೊಡೀರಿ ಬುಡಿ," ಎಂದಳು. ಈ ನಂಬಿಕೆಯಿಂದ ನನ್ನ ಹೆಗಲ ಮೇಲೆ ಬಿದ್ದ ಭಾರ, ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಬಿದ್ದ ಭಾರಕ್ಕಿಂತ ಹೆಚ್ಚಿನದು.

ಸಿರಾದಲ್ಲಿ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವ ಬಾಷಾ ನನ್ನ ಹಳೆಯ ಶಿಷ್ಯ. ಹಂಡೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳಿ, ಕೈ ಎದೆಯ ಮೇಲಿಟ್ಟುಕೊಂಡ.

"ಯಾ ಅಲ್ಲಾ, ಇಂಥ ಹಂಡೆಗೆ ಛೇದ ಮಾಡೋದಾ ಸಾರ್? ದಿಲ್ ಬರಲ್ಲ."

"ಪಾಠ ಮಾಡಿದ್ದು ನೆನಪಿದೆಯೇನೋ? ಬಿಸಿಯಾದ ನೀರು…"

"ಹಗುರಾಗಿ ಮೇಲೇರುತ್ತದೆ ಸಾರ್!" ಎಂದು ಎದ್ದು ನಿಂತು ಒಪ್ಪಿಸಿದ. ಮೂಲೆಯಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಕೂಡ ಎದ್ದು ನಿಂತ. ಪೈಪುಗಳ ಬೆಸುಗೆ ನಡೆಯಿತು.

ಆದರೆ ನಾನು ದುಡುಕುವವನಲ್ಲ. ಮಗಳ ಪದ್ಧತಿಯನ್ನು ಅಕ್ಷರಶಃ ಪಾಲಿಸುವ ನಿರ್ಧಾರ ಮಾಡಿದ್ದೆ. ಮೊದಲು ಲೆಕ್ಕ, ಆಮೇಲೆ ಪ್ರಯೋಗ. ಹಳೆಯ ಲ್ಯಾಪ್‌ಟಾಪಿನಲ್ಲಿ ಅಂಕಣಗಳನ್ನು ಎಳೆದು, ಎಷ್ಟು ಸೌದೆಗೆ ಎಷ್ಟು ಹೊತ್ತಿನಲ್ಲಿ ನೀರು ಎಷ್ಟು ಕಾಯುತ್ತದೆ ಎಂದು ಕಂಡುಹಿಡಿಯುವ ಒಂದು ಲೆಕ್ಕ ಬರೆದೆ. ಅದನ್ನು ಗಾಂಭೀರ್ಯದಿಂದ 'ನನ್ನ ಸಾಫ್ಟ್‌ವೇರ್' ಎಂದು ಕರೆದೆ. ಒಂದು ಪೇಂಟ್ ಡಬ್ಬಕ್ಕೆ ಎರಡು ಸಣ್ಣ ಪೈಪು ಸೇರಿಸಿ, ಅಗ್ಗಿಷ್ಟಿಕೆಯ ಮೇಲೆ ಸುರುಳಿ ಇಟ್ಟು, ಹರಿವು ಕಣ್ಣಿಗೆ ಕಾಣಲೆಂದು ನೀರಿಗೆ ಚಿಟಿಕೆ ಅರಿಶಿನ ಬಿಟ್ಟೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಮೇಲಿನ ಪೈಪಿನ ಬಾಯಿಂದ ಅರಿಶಿನದ ಒಂದು ಎಳೆ ಹೊರಟಿತು. ಅದು ಮೆಲ್ಲಗೆ ಡಬ್ಬದ ಉದ್ದಕ್ಕೂ ತೇಲಿ, ತಣ್ಣಗಾಗಿ, ತಲೆ ತಗ್ಗಿಸಿ ಕೆಳಗಿನ ಪೈಪಿನೊಳಗೆ ಹೋಯಿತು. ಮತ್ತೆ ಮೇಲಿಂದ ಬಂತು. ಯಾರೂ ತಳ್ಳುತ್ತಿಲ್ಲ, ಯಾರೂ ಎಳೆಯುತ್ತಿಲ್ಲ! ಇಷ್ಟು ವರ್ಷ ನಾನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದು ಇದನ್ನೇ. ಆ ಬಾಣ ನಡೆಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಒಬ್ಬನೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಕ್ಕೆ ಕೈ ಮುಗಿದೆ. ಪಕ್ಕದ ಮನೆಯ ಗೌರಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಯಾವ ದೇವ್ರು ಮೇಷ್ಟ್ರೇ ಇದು? ಏಷ್ಯನ್ ಅಂತ ಬರ್ದದೆ," ಎಂದರು.

ಒಂದೇ ಒಂದು ಕೊರತೆ. ನೀರು ಕಾದದ್ದಕ್ಕೂ ನನ್ನ ಲೆಕ್ಕ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ಲೆಕ್ಕದ ಒಂದು ಸಂಖ್ಯೆಯನ್ನು ಅಷ್ಟಿಷ್ಟು ಎಳೆದು ಹಿಗ್ಗಿಸಿದೆ. ತಾಳೆಯಾಯಿತು! ಹಂಡೆಯ ವಿಷಯ ಮುಚ್ಚಿಟ್ಟು, ಡಬ್ಬದ ವಿಷಯ ಮಾತ್ರ ಮಗಳಿಗೆ ಫೋನಿನಲ್ಲಿ ಹೇಳಿದೆ.

"ಅಪ್ಪಾ, ನೀರು ಉತ್ತರ ಹೇಳಿದ ಮೇಲೆ ನೀನು ಲೆಕ್ಕ ತಿದ್ದಿದೀಯ. ಇದನ್ನ ನಿನ್ನ ಸ್ಕೂಲಲ್ಲಿ ಏನಂತಿದ್ರು?"

"ಕಾಪಿ," ಎಂದೆ ಸಣ್ಣ ದನಿಯಲ್ಲಿ.

"ಬೇರೆ ಡಬ್ಬ, ಬೇರೆ ನೀರು, ಬೇರೆ ಬೆಂಕಿ ಇಟ್ಟು ನೋಡು. ಆ ಸಂಖ್ಯೆ ಮುಟ್ಟದೆ ತಾಳೆಯಾದ್ರೆ ಆಗ ನಂಬು. ಅಂದಂಗೆ, ಯಾಕೆ ಮಾಡ್ತಿದೀಯ ಇದೆಲ್ಲ?"

"ಜ್ಞಾನದಾಹ," ಎಂದು ಫೋನ್ ಇಟ್ಟೆ.

ಬೇರೆ ಡಬ್ಬ ಹುಡುಕಲು ಹೊರಡುವಷ್ಟರಲ್ಲಿ ನೀರು ತುಂಬುವ ಹಬ್ಬ ಬಂದೇಬಿಟ್ಟಿತು. ಬಾಷಾ ಸಿರಾದಿಂದ ಹಂಡೆ ತಂದು, ಹಿತ್ತಲಿಗೆ ಸಾಗಿಸಿದ್ದ ಒಲೆಯಿಂದ ಗೋಡೆ ದಾಟಿ ಬಂದ ಪೈಪುಗಳಿಗೆ ಜೋಡಿಸಿ ಹೋದ. ಜಯಮ್ಮ ಹುಣಸೆಹಣ್ಣು ಹಾಕಿ ಅದನ್ನು ಫಳಫಳ ತಿಕ್ಕಿದಳು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಳು, ಕುತ್ತಿಗೆಗೆ ಹಾಗಲಬಳ್ಳಿ ಕಟ್ಟಿದಳು, ಹೊಸ ನೀರು ತುಂಬಿ ಪೂಜೆ ಮಾಡಿದಳು.

"ಒಂದ್ಸಲ ಬೆಂಕಿ ಹಾಕಿ ಪರೀಕ್ಷೆ ಮಾಡ್ಬುಡ್ತೀನಿ," ಎಂದೆ.

"ಪೂಜೆ ಆದ ನೀರನ್ನ ಬೆಳಗಿನ ಜಾವದವರ್ಗೂ ಯಾರೂ ಮುಟ್ಟಂಗಿಲ್ಲ. ಬೆಂಕೀನೂ ಇಲ್ಲ, ಪರೀಕ್ಷೆನೂ ಇಲ್ಲ," ಎಂದು ಬಾಗಿಲು ಮುಂದೆ ಮಾಡಿದಳು.

ಸಂಜೆಯ ಬಸ್ಸಿಗೆ ಮಗಳು, ಅಳಿಯ, ಬೀಗರು ಬಂದರು. ಮಂಜುಳಾ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಪೈಪುಗಳನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ಅಪ್ಪಾ! ಇದರಿಂದ ನೀರು ತೋಡಿ ನೋಡಿದೀಯಾ?"

"ನೀನು ಹಬ್ಬಕ್ಕೆ ಬಂದಿರೋದು, ಆಫೀಸಿಗಲ್ಲ," ಎಂದು ಗದರಿದೆ. ಆಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಯಮ್ಮ ಅದರೊಳಗೆ ಒಂದು ಕಜ್ಜಾಯ ಇಟ್ಟಳು.

ಬೆಳಗಿನ ಜಾವ ಹಿತ್ತಲಿನ ಒಲೆಗೆ ಕರ್ಪೂರ ಹಚ್ಚಿದೆ. ಸೌದೆ ಹತ್ತಿಕೊಂಡು ಉರಿಯಿತು. ಒಳಗೆ ಓಡಿ ಮೇಲಿನ ಪೈಪು ಮುಟ್ಟಿದೆ. ಬೆಚ್ಚಗಿತ್ತು! ಇನ್ನಷ್ಟು ಹೊತ್ತು ಕಳೆದು ಮುಟ್ಟಿದೆ. ಬಿಸಿ! ಹಂಡೆಯ ನೀರು ಹದವಾಗಿ ಹಬೆಯಾಡತೊಡಗಿತು. ಬಚ್ಚಲಲ್ಲಿ ಹೊಗೆಯ ಒಂದು ಎಳೆಯೂ ಇಲ್ಲ. ಜಯಮ್ಮ ಸೀಗೆಪುಡಿ ಕಲಸುತ್ತಾ ನಿಂತಿದ್ದಾಳೆ, ಕೆಮ್ಮಿಲ್ಲ! ಅವಳು ಆಳವಾಗಿ ಒಂದು ಉಸಿರೆಳೆದುಕೊಂಡು ನನ್ನ ಕಡೆ ನೋಡಿ ನಕ್ಕಳು. ಆ ಗಳಿಗೆಯಲ್ಲಿ ನನಗೂ ಅಣುಶಕ್ತಿಗೂ ಹೆಚ್ಚು ಅಂತರವಿರಲಿಲ್ಲ.

ಹಿರಿಯರೆಂದು ಮೊದಲು ಬೀಗರಿಗೆ ನೀರು. ನರಸಿಂಹಪ್ಪನವರು ಆಜಾನುಬಾಹು. ಹರಳೆಣ್ಣೆ ಹಚ್ಚಿಸಿಕೊಂಡು ಕೂತವರು ಚೊಂಬಿನ ಮೇಲೆ ಚೊಂಬು ಸುರಿದುಕೊಂಡರು. "ಅಬ್ಬಬ್ಬಾ, ಎಂಥಾ ನೀಳ್ಳು ಬೀಗರೇ! ಚಾಲಾ ಬಾಗುಂದಿ! ನಮ್ ಪಾವಗಡದಾಗೆ ಬಿಸ್ಲಿಗೆ ನೀರು ಕಾಯ್ತದೆ, ಆದ್ರೂ ಈ ಸುಖ ಇಲ್ಲ!" ಎಂದು ಒಳಗಿಂದಲೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಪ್ರಶಸ್ತಿಪತ್ರ ಓದಿದರು. ನಾನು ಬಾಗಿಲಾಚೆ ನಿಂತು ವಿನಯದಿಂದ ಸ್ವೀಕರಿಸಿದೆ.

ಅವರು ಹೊರಬಂದಾಗ ಜಯಮ್ಮ ತಣ್ಣೀರಿನ ಕೊಡ ಎತ್ತಿಕೊಂಡಳು. ತೋಡಿದಷ್ಟು ತಣ್ಣೀರನ್ನು ಹಂಡೆಗೆ ಸುರಿಯುವುದು ನಮ್ಮ ಕಡೆ ಎಲ್ಲ ಬಚ್ಚಲುಗಳ ಕಟ್ಟುಪಾಡು.

"ಸುರೀಬೇಡ!" ಎಂದು ಅಡ್ಡ ನಿಂತೆ. "ತಣ್ಣೀರು ಬಿದ್ರೆ ನನ್ನ ಲೆಕ್ಕದ ಉಷ್ಣಾಂಶ ಕೆಡ್ತದೆ."

"ಹಂಡೆ ಬರಿದಾಗಬಾರ್ದು ಕಣ್ರೀ."

"ಅರ್ಧ ಹಂಡೆ ಇದೆ. ಅಳಿಯಂದ್ರಿಗೆ ಸಾಕು."

ಅಳಿಯ ರವೀಂದ್ರ ಬ್ಯಾಂಕಿನಲ್ಲಿ ಕೆಲಸ ಮಾಡುವ ಸಾಧು ಪ್ರಾಣಿ. ಅವನನ್ನು ಬಚ್ಚಲ ಬಾಗಿಲ ಬಳಿಯ ಮಣೆಯ ಮೇಲೆ ಕೂರಿಸಿ ತಲೆಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಲಾಯಿತು. ಎಣ್ಣೆ ಮೈಗೆ ಹಿಡಿಯಲೆಂದು ಬಹಳ ಹೊತ್ತು ಬಿಡಲಾಯಿತು. ಅಷ್ಟರಲ್ಲಿ ಹಂಡೆಗೆ ಕೈ ಇಟ್ಟು ನೋಡಿದೆ. ನೀರು ಉಗುರುಬೆಚ್ಚಗೆ! ಮೇಲೇರಬೇಕಾದ ಬಿಸಿ ಕೆಳಗಿಳಿಯುತ್ತಿದೆ.

ಇಂಥ ಸಂದರ್ಭದಲ್ಲಿ ವಿಜ್ಞಾನಿ ಏನು ಮಾಡುತ್ತಾನೋ ಗೊತ್ತಿಲ್ಲ. ನಾನು ಹಿತ್ತಲಿಗೆ ಓಡಿ ಒಲೆಗೆ ಇನ್ನಷ್ಟು ಸೌದೆ ತುರುಕಿದೆ. ಬಂದು ನೋಡಿದೆ, ನೀರು ಇನ್ನೂ ತಣ್ಣಗಾಗಿದೆ. ಮತ್ತೆ ಓಡಿದೆ. ತೆಂಗಿನ ಚಿಪ್ಪು ತುರುಕಿದೆ, ಗರಿ ತುರುಕಿದೆ. ಬೆಂಕಿ ಬೇಲಿಯೆತ್ತರಕ್ಕೆ ಎದ್ದಿತು. ಆಗ ಪೈಪಿನೊಳಗಿಂದ ಒಂದು ಸದ್ದು ಕೇಳಿಸಿತು. ಗುಡು. ಗುಡುಗುಡು. ಧಡ್!

"ಏಂದಿ ಇದಿ? ಬೋರ್‌ವೆಲ್ ಲಾರಿ ಬಂತೇನು?" ಎಂದರು ಬೀಗರು, ತಲೆ ಒರೆಸಿಕೊಳ್ಳುತ್ತಾ.

"ಎಲ್ಲರೂ ಹೊರಗೆ ಬನ್ನಿ!" ಎಂದು ಮಂಜುಳಾ ಕೂಗಿದಳು. ಆಕೆ ಗಂಡನ ತೋಳು ಹಿಡಿದೆಳೆದಳು, ಎಣ್ಣೆಗೆ ಕೈ ಜಾರಿತು, ಕಿವಿ ಹಿಡಿದೆಳೆದಳು. ಅವನು ಹೊರಗೆ ಬೀಳುವುದಕ್ಕೂ ಮೇಲಿನ ಪೈಪು ಬಾಯಿ ಬಿಡುವುದಕ್ಕೂ ಸರಿಹೋಯಿತು. ಕುದಿನೀರು, ಹಬೆ, ಪೈಪಿನ ಕಂದು ಕಿಟ್ಟ, ಎಲ್ಲ ಒಟ್ಟಾಗಿ ಎದುರುಗೋಡೆಗೆ ಅಪ್ಪಳಿಸಿದವು. ಒಂದು ಗಳಿಗೆ ಮೌನ. ಮತ್ತೆ ಗುಡುಗುಡು, ಮತ್ತೆ ಧಡ್! ಹೊಸ ಸುಣ್ಣದ ಗೋಡೆ ಚಿರತೆಯ ಚರ್ಮವಾಯಿತು. ಹಾಗಲಬಳ್ಳಿ ಬೆಂದು ಪಲ್ಯವಾಯಿತು. ಮಗಳು ಹಿತ್ತಲಿಗೆ ಓಡಿ ಉರಿಯುವ ಸೌದೆಗಳನ್ನು ಒಲೆಯಿಂದ ಎಳೆದು ಹಾಕಿದ ಮೇಲೆ ಹಂಡೆ ಶಾಂತವಾಯಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಗಳದ ನಡುವೆ ಹೊಸ ಅಳಿಯ ಒಂದು ಟವಲಿನಲ್ಲಿ, ಕಣ್ಣಿಗಿಳಿಯುವ ಎಣ್ಣೆ ಒರೆಸಿಕೊಳ್ಳುತ್ತಾ ನಿಂತಿದ್ದಾನೆ. ಮೂಡಣದಲ್ಲಿ ಬೆಳಕು ಹರಿಯುತ್ತಿದೆ. ಸ್ನಾನವಿಲ್ಲದೆ ಸೂರ್ಯ ಹುಟ್ಟಿದರೆ ಹಬ್ಬವೇ ಕೆಟ್ಟಂತೆ.

"ಪರವಾಗಿಲ್ಲ ಮಾವ, ತಣ್ಣೀರೇ ಸಾಕು," ಎಂದ ಸಾಧು ಪ್ರಾಣಿ, ಹಲ್ಲು ಕಟಕಟಿಸುತ್ತಾ.

ಕಾಂಪೌಂಡಿನ ಮೇಲೆ ಗೌರಮ್ಮನವರ ತಲೆ ಕಾಣಿಸಿಕೊಂಡಿತು. "ಜಯಮ್ಮ, ಅಳಿಯಂದ್ರನ್ನ ನಮ್ ಬಚ್ಚಲಿಗೆ ಕಳ್ಸಿ ಕಣಮ್ಮ. ಹಂಡೆ ತುಂಬಾ ನೀರು ಕುದೀತಾ ಅದೆ. ನಮ್ದು ಬರೀ ಹಳೇ ಕಾಲದ ಒಲೆ, ಬೇಜಾರ್ ಮಾಡ್ಕಬ್ಯಾಡಿ."

ಗೌರಮ್ಮನವರ ಮನೆಗೆ ಬೀದಿಯ ಬಾಗಿಲಿಂದಲೇ ಹೋಗಬೇಕು. ಮುಂದೆ ಆರತಿ ತಟ್ಟೆ ಹಿಡಿದ ಜಯಮ್ಮ, ಹಿಂದೆ ಎಣ್ಣೆ ತೊಟ್ಟಿಕ್ಕುವ ಅಳಿಯ, ಅವನ ಹಿಂದೆ ಸೀಗೆಪುಡಿಯ ಬಟ್ಟಲು ಹಿಡಿದ ಬೀಗರು, ಕೊನೆಯಲ್ಲಿ ಒಣ ಪಂಚೆ ಹಿಡಿದ ನಾನು. ರಂಗೋಲಿ ಹಾಕುತ್ತಿದ್ದ ಬೀದಿಯ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರು.

"ಏನ್ ಮೇಷ್ಟ್ರೇ, ಅಳಿಯಂದ್ರ ಮೆರವಣಿಗೆ?"

"ನಮ್ಮಲ್ಲಿ ಹೀಗೊಂದು ಪದ್ಧತಿ," ಎಂದೆ ಗಂಭೀರವಾಗಿ.

"ಯಾವಾಗ್ಲಿಂದ?"

"ಈವತ್ತಿಂದ," ಎಂದರು ಬೀಗರು.

ಮೆರವಣಿಗೆ ಮುಗಿಸಿ ಬಂದಾಗ ಮಂಜುಳಾ ತಣ್ಣಗಾದ ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬೈಯುತ್ತಾಳೆಂದುಕೊಂಡೆ. ಆಕೆಯ ಕಣ್ಣುಗಳು ಹೊಳೆಯುತ್ತಿದ್ದವು.

"ನೋಡಪ್ಪ, ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗೆ ಇಳಿದಿದೆ. ಆಗಲೇ ಸುತ್ತು ಕಡಿದುಹೋಯ್ತು. ಒಲೆಯೊಳಗಿನ ನೀರು ಎಲ್ಲೂ ಹೋಗೋಕಾಗದೆ ಕುದ್ದು ಹಾರ್ತು. ನಿನ್ನ ಡಬ್ಬದಲ್ಲಿ ಹಿಂಗೆ ಯಾಕೆ ಆಗ್ಲಿಲ್ಲ ಹೇಳು?"

ನಾನು ಹಿಂದಿನ ಬೆಂಚಿನ ಹುಡುಗನಂತೆ ನೆಲ ನೋಡಿದೆ.

"ನಿನ್ನ ಪ್ರಯೋಗದಲ್ಲಿ ಯಾರೂ ಸ್ನಾನ ಮಾಡಿರ್ಲಿಲ್ಲ."

ಹೌದು. ಡಬ್ಬ ಯಾವಾಗಲೂ ತುಂಬಿತ್ತು. ಪೇಂಟ್ ಡಬ್ಬದಿಂದ ಯಾವ ಬೀಗರೂ ನೀರು ತೋಡಿರಲಿಲ್ಲ. ಯಾರೂ ಸ್ನಾನ ಮಾಡದ ಮನೆಗೆ ಬಿಸಿನೀರು ಒದಗಿಸುವುದರಲ್ಲಿ ನನ್ನ ಸಿದ್ಧಾಂತ ಪರಿಪೂರ್ಣವಾಗಿತ್ತು!

"ನಾವೂ ಇದನ್ನ ಮಾಡಿ ನೋಡ್ತೀವಿ," ಎಂದಳು. "ಬೇಕಂತಲೇ ಸ್ವಲ್ಪ ಸ್ವಲ್ಪ ನೀರು ಕಡಿಮೆ ಮಾಡ್ತಾ ಹೋಗ್ತೀವಿ. ಯಾವ ಮಟ್ಟದಲ್ಲಿ ಸುತ್ತು ನಿಲ್ಲುತ್ತೆ, ನಿಂತ ಮೇಲೆ ಎಷ್ಟು ಹೊತ್ತಿಗೆ ಗುಡುಗುಡು ಶುರುವಾಗುತ್ತೆ, ಎಲ್ಲಾನೂ. ಸಾಫ್ಟ್‌ವೇರ್ ಅದನ್ನೂ ಸರಿಯಾಗಿ ಹೇಳ್ಬೇಕು. ಅಲ್ಲಿ ಇರೋವ್ರು ಗಾಬರಿಯಲ್ಲಿ ತಪ್ಪು ಗುಂಡಿ ಒತ್ತಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳ್ಬೇಕು."

ನಾನೂ ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎಲ್ಲೋ ದೂರದ ಊರಿನಲ್ಲಿ ಒಂದಷ್ಟು ಜನ, ಪಂಪು ನಿಂತರೆ ಏನು, ಪೈಪು ಒಡೆದರೆ ಏನು, ನೀರು ಇಳಿದರೆ ಏನು ಎಂದು ಒಂದೊಂದಾಗಿ ಕೇಳುತ್ತಾ ಕೂತಿದ್ದಾರೆ. ನೀರು ಇಳಿದಾಗ ಒಬ್ಬ ಮೇಷ್ಟ್ರು ಓಡಿಬಂದು ತೆಂಗಿನ ಗರಿ ತುರುಕಿದರೆ ಏನು ಎಂಬುದನ್ನೂ, ನಾನು ಹುಟ್ಟಿದ್ದೇನೆಂದು ಗೊತ್ತಿಲ್ಲದೆಯೇ, ಯೋಚಿಸಿ ಇಟ್ಟಿದ್ದಾರೆ. ಎಷ್ಟು ದೊಡ್ಡ ಅನುಮಾನ! ಆ ಅನುಮಾನದ ನೆರಳಿನಲ್ಲಿ ನಾವೆಲ್ಲ ದೀಪ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತೇವೆ. ನನ್ನ ಮಗಳು ಆ ಜನರಲ್ಲಿ ಒಬ್ಬಳು. ಅವಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನೇ ಎಂದು ಇಷ್ಟು ದಿನ ಹೇಳಿಕೊಂಡು ತಿರುಗಿದ್ದೆ. ಇನ್ನು ಮೇಲೆ ಅದನ್ನು ಹೇಳುವಾಗ ದನಿ ತಗ್ಗಿಸಬೇಕು.

ಇನ್ನು ಉಳಿದದ್ದು ಜಯಮ್ಮನ ತೀರ್ಪು. ತವರಿನ ಹಂಡೆಗೆ ಎರಡು ತೂತು, ಬಚ್ಚಲ ಗೋಡೆಗೆ ಚಿರತೆ ಚರ್ಮ, ಅಳಿಯನಿಗೆ ಬೀದಿ ಮೆರವಣಿಗೆ. ಅವಳು ಬಂದು ನನ್ನ ಎದುರು ನಿಂತಳು. ನಾನು ಯಾವ ಶಿಕ್ಷೆಗೂ ಸಿದ್ಧನಾಗಿದ್ದೆ.

"ಈವತ್ತು ನಂಗೆ ಕೆಮ್ಮು ಬರ್ಲಿಲ್ಲ ಕಣ್ರೀ," ಎಂದಳು.

ನನ್ನ ಕಣ್ಣು ಮಂಜಾಯಿತು.

"ಅದ್ಕೇ, ಒಲೆ ಹೊರಗೇ ಇರ್ಲಿ. ತೂತು ಮುಚ್ಚಿಸ್ಕೊಂಡು ಬಂದು ಹಂಡೇನೂ ಹೊರಗೇ ಇಡಿ, ಒಲೆ ಮ್ಯಾಲೆ."

"ಸರಿ. ಆದ್ರೆ ಬಿಸಿನೀರು ಹಿತ್ತಲಿಂದ ಬಚ್ಚಲಿಗೆ ಹೆಂಗೆ ಬರ್ತದೆ?"

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಎರಡು ಬಕೆಟ್ಟು ತಂದು ಮುಂದಿಟ್ಟಳು.

ಈಗ ದಿನವೂ ಬೆಳಗ್ಗೆ ಹಿತ್ತಲಿಂದ ಬಚ್ಚಲಿಗೆ ಬಿಸಿನೀರು ತಪ್ಪದೆ ಸರಬರಾಜಾಗುತ್ತಿದೆ, ಹೊಗೆಯಿಲ್ಲ, ಕೆಮ್ಮಿಲ್ಲ. ಮೊನ್ನೆ ಮಂಜುಳಾ ಫೋನ್ ಮಾಡಿ, "ಅಮ್ಮಾ, ಹೊಸ ಪಂಪು ಹೆಂಗಿದೆ?" ಎಂದು ಕೇಳಿದಳಂತೆ.

"ಪರವಾಗಿಲ್ಲ ಕಣೆ," ಎನ್ನುತ್ತಿದ್ದಳು ಜಯಮ್ಮ. "ಸೊಂಟ ಹಿಡ್ಕೊಂಡು ನಡುವೆ ಒಂದ್ಸಲ ನಿಂತೋಗಿತ್ತು. ಬೈದೆ. ಓಡ್ತಾ ಅದೆ."